ಎಷ್ಟನೇ ಜ್ವರ

ಶಿಡ್ಲಘಟ್ಟದ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ನನ್ನ ಮಾತು ಒಂದೇ, ಮೂರು ನುಡಿಯಲ್ಲಿ:
ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ.
ಊಪಿರಿ ಪೀಲ್ಚು, ಪಟ್ಟುಕೋ, ವದುಲು.
ಸಾಂಸ್ ಲೇವ್, ಪಕಡೋ, ಛೋಡೋ.
ಹನ್ನೊಂದು ವರ್ಷದಿಂದ ಇದೇ ನನ್ನ ಸಂಬಳ.

ಈ ಕಾರ್ತಿಕದಲ್ಲಿ ಉರ್ದು ಶಾಲೆಯ ಆರನೇ ತರಗತಿ
ಸರದಿ ಪ್ರಕಾರ ಬಂದು ನನ್ನೆದುರು ಗದ್ದ ಎತ್ತಿ ನಿಂತಿತು.
ಅವಸರವಿಲ್ಲದ ಕಾಯಿಲೆ:
ಒಂದು ಬೆಂಚಿನಿಂದ ಹಿಂದಿನ ಬೆಂಚಿಗೆ ಹೋಗಲು
ಮೂರು ವಾರ ತಗೊಂಡಿತು.

ತನ್ವೀರನ ಬಲಗಡೆ, ಕೆಳಗೆ, ಅಂಗೈಯಗಲ ಬಿಳಿ,
ಗೂಡು ಬೇಯಿಸುವ ಬಾಣಲೆಯ ಹಬೆ
ಅಲ್ಲೇ ಬಂದು ಕೂತ ಹಾಗೆ.
ಫಿಲ್ಮ್ ನೋಡಿದರೆ ಮಂಚ ಹಿಡಿಯಬೇಕಾದ ಎದೆ.
ಕಿಟಕಿಯಲ್ಲಿ ನೋಡಿದರೆ ಹುಡುಗ
ಆಂಬುಲೆನ್ಸಿನ ನೆರಳಲ್ಲಿ ಗೋಲಿ ಆಡುತ್ತಿದ್ದ:
ಕೆಮ್ಮಿ, ಒಂದು ಕಣ್ಣು ಮುಚ್ಚಿ, ಗುರಿ ಹಿಡಿದು,
ಹೊಡೆದು, ಗೆದ್ದು, ಮತ್ತೆ ಕೆಮ್ಮಿ.
ಅವನ ಎಂಜಲು ಬಿಸ್ಕತ್ತು ತಿಂದ ತಂಗಿಗೆ
ಒಂದೂವರೆ ವರ್ಷ. ಬರೀ ಮೂಗು ಸುರಿದು ಹೋಯಿತು.
ಅವರಮ್ಮ ರೆಹಮತ್ ಮಾತ್ರ
ಫಿಲೇಚರಿನಲ್ಲಿ ನಿಂತೇ ಕೆಮ್ಮಿದಳು ತಿಂಗಳು,
ಪಕ್ಕೆ ಹಿಡಿದುಕೊಂಡು, ಯಾರಿಗೂ ಹೇಳದೆ.
ಮಕ್ಕಳದಾದ ಮೇಲೆ ನನ್ನದು ಅಂದಳು.
ಮಕ್ಕಳದು ಎಂದಾದರೂ ಆಗುವುದುಂಟೆ?

ಅಂಗಡಿಯ ಕೆಂಪು ಹಳದಿ ಗುಳಿಗೆ ಕೇಳಲಿಲ್ಲ ಇದು.
ಡಾಕ್ಟರು ಹೇಳಿದರು, ಟೀ ಆರಿಸಿಕೊಳ್ಳುತ್ತಾ:
ಆ ಗುಳಿಗೆ ಗೋಡೆ ಒಡೆಯುವ ಗುಳಿಗೆ.
ಈ ಜೀವಿಗೆ ಗೋಡೆಯೇ ಇಲ್ಲ.
ಇಲ್ಲದ್ದನ್ನು ಒಡೆಯೋದು ಹೇಗೆ?

ಆ ಮಾತು ಮನೆವರೆಗೂ ನನ್ನ ಜತೆ ಬಂತು.
ಗೋಡೆಯಿಂದಲೇ ಅನ್ನ ತಿಂದ ಊರು ನಮ್ಮದು.
ಹುಳು ತನ್ನ ಬಾಯಿಂದ ಸುತ್ತ ಕಟ್ಟಿಕೊಂಡ ಗೋಡೆಯನ್ನು
ಕುದಿನೀರಿಗೆ ಹಾಕಿ, ತುದಿ ಹುಡುಕಿ, ಎಳೆದು,
ಕೇಜಿಗೆ ಇಷ್ಟು ಅಂತ ಕೂಗಿ ಮಾರಿದವರು.
ಗೋಡೆಯಿಲ್ಲದ್ದರ ತುದಿ ಎಲ್ಲಿ ಸಿಕ್ಕುತ್ತದೆ?

ಪಿಳ್ಳವೆಂಕಟಮ್ಮನನ್ನು ಮೊಮ್ಮಗ ಎತ್ತಿಕೊಂಡು ಬಂದ.
ಎಪ್ಪತ್ತೆಂಟು. ಹೊತ್ತ ಹಾಗೆಯೇ ಇಲ್ಲ, ಸೊಪ್ಪಿನ ಮೂಟೆಗಿಂತ ಹಗುರ.
ಅದೇ ಬಲಗಡೆ, ಅದೇ ಅಂಗೈಯಗಲ ಬಿಳಿ.
ಎರಡು ಫಿಲ್ಮ್ ಪಕ್ಕಪಕ್ಕ ಹಿಡಿದರೆ
ಯಾವುದು ಗೋಲಿ ಆಡುವ ಎದೆ,
ಯಾವುದು ತುಟಿ ನೀಲಿಯಾದ ಎದೆ,
ಎಲುಬು ನೋಡಿ ಹೇಳಬೇಕು, ಬಿಳಿ ನೋಡಿ ಅಲ್ಲ.
ಬೆರಳಿನ ಕ್ಲಿಪ್ಪು ಎಂಬತ್ತಾರು ಅಂದಿತು.
ಹಿಡ್ಕೋ ಅಜ್ಜಿ, ಅಂದೆ.
"ಹಿಡ್ಕಳಾಕೆ ಇದ್ರೆ ತಾನೆ, ತಾಯಿ?"
ಆಮೇಲೆ, ಕಣ್ಣು ಮುಚ್ಚಿಕೊಂಡೇ:
"ಎಷ್ಟನೇ ಜ್ವರಮ್ಮ ಇದು?"

ಹುಳುಮನೆಯ ಲೆಕ್ಕ ಅದು.
ಹುಳಕ್ಕೆ ಎಷ್ಟು ದಿನ ಅಂತ ಇಲ್ಲಿ ಕೇಳುವುದಿಲ್ಲ,
ಎಷ್ಟನೇ ಜ್ವರ ಅಂತ ಕೇಳುತ್ತೇವೆ.
ತಲೆಯೆತ್ತಿ, ಸೊಪ್ಪು ಮುಟ್ಟದೆ, ಅಲ್ಲಾಡದೆ
ಒಂದು ಹಗಲು, ಒಂದು ರಾತ್ರಿ;
ಎದ್ದರೆ ಹಳೇ ಚರ್ಮ ಅಲ್ಲೇ ಬಿದ್ದಿರುತ್ತದೆ,
ಹಸಿವು ಮೊದಲಿಗಿಂತ ದೊಡ್ಡದು.
ಒಂದು, ಎರಡು, ಮೂರು, ನಾಲ್ಕು.
ಐದನೆಯದಿಲ್ಲ. ಹುಳು ಹಣ್ಣಾಗುತ್ತದೆ,
ಆರಿಸಿ ಚಂದ್ರಿಕೆಗೆ ಬಿಡುತ್ತಾರೆ.
ಐವತ್ತು ವರ್ಷ ಆರಿಸಿದ ಕೈ ಅವಳದು.

ಮೂರನೇದು, ಅಂದೆ.
"ಸುಳ್ಳಿ" ಅಂತ ನಕ್ಕಳು,
ಆ ನಗೆಗೇ ಅರ್ಧ ಉಸಿರು ಖರ್ಚಾಯಿತು.

ಆಕ್ಸಿಜನ್ ಹಾಕಿ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು.
ಅವಸರದಲ್ಲಿ ಫಿಲ್ಮ್ ಇಲ್ಲೇ ಬಿಟ್ಟು ಹೋದರು.
ಕೇಳಿಕೊಂಡು ಯಾರೂ ಬಂದಿಲ್ಲ. ನಾನೂ ಫೋನು ಮಾಡಿಲ್ಲ.
ಡ್ರಾಯರಿನಲ್ಲಿದೆ.

ಇವತ್ತು ತನ್ವೀರ್ ಬಂದಿದ್ದ, ಇನ್ನೊಂದು ಸಲ ತೆಗೆಸಲು.
ಚಡ್ಡಿ ಜೇಬು ಗೋಲಿಯಿಂದ ಜೋಲುತ್ತಿತ್ತು.
ಹಿಡ್ಕೋ, ಅಂದೆ. ಗುಂಡಿ ಒತ್ತಿದೆ.
ಪರದೆಯ ಮೇಲೆ ಬಲಗಡೆ ಪೂರಾ ಕಪ್ಪು, ತುಂಬ ಗಾಳಿ;
ನೋಡುತ್ತಾ ನಿಂತುಬಿಟ್ಟೆ.
ಎಷ್ಟು ಹೊತ್ತೋ. ತಿರುಗಿದರೆ ಹುಡುಗ
ಕೆನ್ನೆ ಊದಿಸಿ, ಕಣ್ಣು ಕೆಂಪಗೆ ಮಾಡಿಕೊಂಡು
ಹಿಡಿದುಕೊಂಡೇ ಇದ್ದಾನೆ,
ನಾನು ಬಿಡು ಅಂದಿರಲಿಲ್ಲ.